ನಾಲ್ಕು ಹಳೆಯ ಔಷಧಗಳು, ಒಂದೇ ಮಾತ್ರೆ

ಹೃದಯಾಘಾತವೋ ಪಾರ್ಶ್ವವಾಯುವೋ ಒಮ್ಮೆ ಬಂದುಹೋದವರು ಮುಂದೆ ಔಷಧ ತೆಗೆದುಕೊಳ್ಳುತ್ತಿದ್ದಾರೆಯೇ ಎಂಬ ಸರಳ ಪ್ರಶ್ನೆಯನ್ನು ‘ಪ್ಯೂರ್’ ಎಂಬ ಬೃಹತ್ ಅಧ್ಯಯನ ಕೇಳಿತು. 17 ದೇಶಗಳ 1,53,996 ವಯಸ್ಕರನ್ನು ಒಳಗೊಂಡ ಈ ಅಧ್ಯಯನದ ಉತ್ತರ 2011ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಶ್ರೀಮಂತ ದೇಶಗಳಲ್ಲಿ ಅಂಥ ರೋಗಿಗಳ ಪೈಕಿ ಶೇ 11ರಷ್ಟು ಮಂದಿ ಯಾವ ಔಷಧವನ್ನೂ ಸೇವಿಸುತ್ತಿರಲಿಲ್ಲ. ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ಜಿಂಬಾಬ್ವೆಗಳಿದ್ದ ಬಡ ದೇಶಗಳ ಗುಂಪಿನಲ್ಲಿ ಆ ಪ್ರಮಾಣ ಶೇ 80. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ನುಂಗುತ್ತಿದ್ದವರಂತೂ ಈ ಗುಂಪಿನಲ್ಲಿ ನೂರಕ್ಕೆ ಮೂವರು ಅಥವಾ ನಾಲ್ವರು ಮಾತ್ರ. ಹೃದ್ರೋಗ ಚಿಕಿತ್ಸೆಯ ಹೊಸ ಸಂಶೋಧನೆ ಎಂದೊಡನೆ ಜೀನ್ ತಿದ್ದುವ ತಂತ್ರ, ವರ್ಷಕ್ಕೆರಡು ಬಾರಿ ಚುಚ್ಚಿಸಿಕೊಂಡರೆ ಸಾಕಾಗುವ ದುಬಾರಿ ಇಂಜೆಕ್ಷನ್‌ಗಳು ನಮ್ಮ ಗಮನ ಸೆಳೆಯುತ್ತವೆ. ಅವೆಲ್ಲ ಮುಖ್ಯವೇ. ಆದರೆ ನಮ್ಮಂಥ ದೇಶಕ್ಕೆ ಕಳೆದ ಇಪ್ಪತ್ತು ವರ್ಷಗಳ ಅತ್ಯಂತ ಉಪಯುಕ್ತ ಸಂಶೋಧನೆ ಯಾವುದೆಂದು ಕೇಳಿದರೆ, ಹೊಸ ಅಣುವೊಂದನ್ನೂ ಕಂಡುಹಿಡಿಯದ, ಹಳೆಯ ಔಷಧಗಳನ್ನೇ ಒಂದೇ ಮಾತ್ರೆಯಲ್ಲಿ ಸೇರಿಸಿದ ‘ಪಾಲಿಪಿಲ್’ ಸಂಶೋಧನೆ ಎಂದೇ ನಾನು ಹೇಳುತ್ತೇನೆ.

ಈ ಔಷಧಗಳ ಸಾಮರ್ಥ್ಯದ ಬಗ್ಗೆ ವೈದ್ಯಲೋಕದಲ್ಲಿ ಬಹುಕಾಲದಿಂದ ಸಂಶಯವಿಲ್ಲ. ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಆಸ್ಪಿರಿನ್ ಅನ್ನು ಹೃದಯಾಘಾತವಾದ ಕೂಡಲೇ ಆರಂಭಿಸಿ ಒಂದು ತಿಂಗಳು ಕೊಟ್ಟರೆ ಸಾವಿನ ಪ್ರಮಾಣ ಸುಮಾರು ಕಾಲುಭಾಗ ತಗ್ಗುತ್ತದೆಂದು 17,187 ರೋಗಿಗಳ ಮೇಲಿನ ಪ್ರಯೋಗ 1988ರಲ್ಲೇ ತೋರಿಸಿತ್ತು. ಸ್ಕ್ಯಾಂಡಿನೇವಿಯಾದ 4,444 ಹೃದ್ರೋಗಿಗಳಿಗೆ ಸಿಮ್ವಾಸ್ಟಾಟಿನ್ ಎಂಬ ಸ್ಟ್ಯಾಟಿನ್ ಕೊಟ್ಟ ಪ್ರಯೋಗದ ಫಲಿತಾಂಶ ಬಂದದ್ದು 1994ರಲ್ಲಿ. ಅದರಲ್ಲಿ ಒಟ್ಟಾರೆ ಸಾವು ಶೇ 30ರಷ್ಟು ಇಳಿದಿತ್ತು. ಬ್ರೆಜಿಲ್‌ನ ವಿಷದ ಹಾವೊಂದರ ಅಧ್ಯಯನದಿಂದ ಹುಟ್ಟಿದ ಔಷಧ ಕುಟುಂಬಕ್ಕೆ ಸೇರಿದ ರಾಮಿಪ್ರಿಲ್, ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದ್ರೋಗದ ಸಾವುಗಳನ್ನು ಒಟ್ಟಾಗಿ ಶೇ 22ರಷ್ಟು ಕಡಿಮೆ ಮಾಡುತ್ತದೆಂದು 2000ದಲ್ಲಿ ತಿಳಿಯಿತು. ಹೃದಯದ ಬಡಿತವನ್ನೂ ರಕ್ತದೊತ್ತಡವನ್ನೂ ಹದದಲ್ಲಿಡುವ ಬೀಟಾ ಬ್ಲಾಕರ್‌ಗಳು, ಮೂತ್ರದ ಮೂಲಕ ಉಪ್ಪನ್ನು ಹೊರಹಾಕಿಸಿ ಬಿಪಿ ಇಳಿಸುವ ಥಯಜೈಡ್‌ಗಳು ಇನ್ನೂ ಹಳೆಯವು. ಇಂದು ಇವೆಲ್ಲವುಗಳ ಪೇಟೆಂಟ್ ಮುಗಿದಿದೆ. ಯಾವ ಕಂಪನಿ ಬೇಕಾದರೂ ತಯಾರಿಸಬಹುದು.

ಒಂದೊಂದು ಔಷಧವೂ ಅಪಾಯವನ್ನು ಕಾಲುಭಾಗ ತಗ್ಗಿಸುವುದಾದರೆ ಇವುಗಳಲ್ಲಿ ನಾಲ್ಕನ್ನು ಕೂಡಿಸಿ ಕೊಟ್ಟಾಗ ಏನಾಗುತ್ತದೆ? ಇವು ಕೆಲಸ ಮಾಡುವ ದಾರಿಗಳು ಬೇರೆಬೇರೆ. ಹೀಗಾಗಿ ಒಂದರ ಪ್ರಯೋಜನವನ್ನು ಇನ್ನೊಂದು ಕಸಿದುಕೊಳ್ಳುವುದಿಲ್ಲ. ಹೃದಯಾಘಾತ ಆಗಬಹುದಾದ ನೂರು ಜನರಲ್ಲಿ ಮೊದಲ ಔಷಧ 25 ಮಂದಿಯನ್ನು ಉಳಿಸಿದರೆ 75 ಜನ ಅಪಾಯದಲ್ಲೇ ಇರುತ್ತಾರೆ. ಎರಡನೆಯದು ಅವರಲ್ಲಿ ಕಾಲುಭಾಗವನ್ನು ಉಳಿಸಿದಾಗ ಆ ಸಂಖ್ಯೆ 56ಕ್ಕೆ ಬರುತ್ತದೆ. ಮೂರನೆಯದರಿಂದ 42, ನಾಲ್ಕನೆಯದರಿಂದ 32. ಈ ಬಗೆಯ ಲೆಕ್ಕವನ್ನು 2002ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಮುಂದಿಟ್ಟು, ನಾಲ್ಕು ಅಗ್ಗದ ಔಷಧಗಳಿಂದ ಹೃದ್ರೋಗಿಗಳ ಮುಂದಿನ ಅಪಾಯದ ಸುಮಾರು ಮುಕ್ಕಾಲು ಪಾಲನ್ನು ತಡೆಯಬಹುದೆಂದು ವಾದಿಸಿದವರು ಸಲೀಂ ಯೂಸುಫ್. ಕೇರಳದಲ್ಲಿ ಹುಟ್ಟಿ, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ, ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡ್‌ಗೆ ಹೋಗಿ, ಅನಂತರ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ನೆಲೆನಿಂತವರು ಅವರು. ಮರುವರ್ಷ, 2003ರ ಜೂನ್‌ನಲ್ಲಿ, ಲಂಡನ್ನಿನ ನಿಕೊಲಸ್ ವಾಲ್ಡ್ ಮತ್ತು ಮಾಲ್ಕಂ ಲಾ ಇನ್ನೊಂದು ಹೆಜ್ಜೆ ಮುಂದೆ ಹೋದರು. ಸ್ಟ್ಯಾಟಿನ್, ಅರ್ಧ ಪ್ರಮಾಣದಲ್ಲಿ ಮೂರು ಬಿಪಿ ಔಷಧಗಳು, ಆಸ್ಪಿರಿನ್ ಮತ್ತು ಫೋಲಿಕ್ ಆಮ್ಲ ಸೇರಿದ ಮಾತ್ರೆಯನ್ನು 55 ದಾಟಿದ ಎಲ್ಲರಿಗೂ, ರಕ್ತ ಪರೀಕ್ಷೆಯ ಹಂಗಿಲ್ಲದೆ ಕೊಟ್ಟರೆ ಹೃದಯಾಘಾತ ಮತ್ತು ಪಾರ್ಶ್ವವಾಯುಗಳು ಶೇ 80ಕ್ಕೂ ಹೆಚ್ಚು ಕಡಿಮೆಯಾಗುತ್ತವೆ ಎಂದು ಬರೆದರು. ‘ಪಾಲಿಪಿಲ್’ ಎಂಬ ಹೆಸರು ಜನಪ್ರಿಯವಾದದ್ದು ಆ ಲೇಖನದಿಂದ.

ಎಲ್ಲರಿಗೂ ಏಕೆ? ಅಪಾಯ ಹೆಚ್ಚಿರುವವರನ್ನು ಆರಿಸಿ ಅವರಿಗಷ್ಟೇ ಕೊಡಬಾರದೇ? ಜನಸಮುದಾಯಗಳಲ್ಲಿ ರೋಗಗಳು ಹೇಗೆ ಹಂಚಿಕೊಂಡಿವೆ ಎಂಬುದನ್ನು ಅಧ್ಯಯನ ಮಾಡುತ್ತಿದ್ದ ಬ್ರಿಟನ್ನಿನ ತಜ್ಞ ಜೆಫ್ರಿ ರೋಸ್ 1980ರ ದಶಕದಲ್ಲಿ ಇದಕ್ಕೆ ಕೊಟ್ಟಿದ್ದ ಉತ್ತರ ಈಗಲೂ ಅನೇಕರಿಗೆ ಅಚ್ಚರಿ ತರುತ್ತದೆ. ಬಿಪಿ 180 ಇರುವವರ ಅಪಾಯ ದೊಡ್ಡದು, ಆದರೆ ಅಂಥವರ ಸಂಖ್ಯೆ ಸಣ್ಣದು. 135ರಿಂದ 145ರ ಆಸುಪಾಸಿನಲ್ಲಿರುವವರ ಅಪಾಯ ಸಣ್ಣದು, ಆದರೆ ಅವರು ಲೆಕ್ಕವಿಲ್ಲದಷ್ಟು. ಆಸ್ಪತ್ರೆಗೆ ಬರುವ ಹೃದಯಾಘಾತಗಳಲ್ಲಿ ದೊಡ್ಡ ಪಾಲು ಈ ಎರಡನೆಯ ಗುಂಪಿನದೇ. ‘ನಿನ್ನೆಯವರೆಗೂ ಚೆನ್ನಾಗಿದ್ದರು, ಏನೂ ಕಾಯಿಲೆ ಇರಲಿಲ್ಲ’ ಎಂದು ಮನೆಯವರು ಹೇಳುವ ಮಾತಿನ ಹಿಂದಿರುವ ಗಣಿತ ಇದು.

ಇನ್ನು ಔಷಧ ತಲುಪಿದವರೂ ಅದನ್ನೇಕೆ ಬಿಡುತ್ತಾರೆ ಎಂಬುದನ್ನು ತಿಳಿಯಲು ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದ ರೋಗಿಯ ಡಿಸ್ಚಾರ್ಜ್ ಚೀಟಿಯನ್ನೇ ನೋಡಬೇಕು. ಆಸ್ಪಿರಿನ್ 0-1-0, ಕ್ಲೊಪಿಡೊಗ್ರೆಲ್ 1-0-0, ಅಟೊರ್ವಾಸ್ಟಾಟಿನ್ 0-0-1, ಮೆಟೊಪ್ರೊಲಾಲ್ 1-0-1, ರಾಮಿಪ್ರಿಲ್ 0-0-1, ಜೊತೆಗೆ ಹೊಟ್ಟೆಯುರಿಗೆ ಒಂದು. ಸಕ್ಕರೆ ಕಾಯಿಲೆಯಿದ್ದರೆ ಇನ್ನೆರಡು. ಮೊದಲ ತಿಂಗಳು ಮಗನೋ ಸೊಸೆಯೋ ಡಬ್ಬಿಯಲ್ಲಿ ಜೋಡಿಸಿಕೊಡುತ್ತಾರೆ. ಮೂರನೆಯ ತಿಂಗಳಿಗೆ ಎದೆನೋವು ಮರೆತುಹೋಗಿರುತ್ತದೆ, ಮೆಡಿಕಲ್ ಸ್ಟೋರ್‌ನಲ್ಲಿ ‘ಸದ್ಯ ಹತ್ತು ದಿನದ್ದು ಕೊಡಿ’ ಎನ್ನುವಂತಾಗುತ್ತದೆ. ರಾಮಿಪ್ರಿಲ್‌ನಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆ. ಯಾವ ಮಾತ್ರೆಯಿಂದ ಕೆಮ್ಮು ಎಂದು ತಿಳಿಯದ ರೋಗಿ ಎಲ್ಲವನ್ನೂ ನಿಲ್ಲಿಸುತ್ತಾನೆ. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಬಸ್ಸಿನಲ್ಲಿ ದೂರ ಓಡಾಡುವವರು, ಗದ್ದೆ ಕೆಲಸಕ್ಕೆ ಹೋಗುವ ಹೆಂಗಸರು ಬಿಟ್ಟುಬಿಡುತ್ತಾರೆ. ಎದೆಯಲ್ಲಿ ನೋವಿಲ್ಲದ ಹೊತ್ತಿನಲ್ಲಿ ದಿನವೂ ಏಳೆಂಟು ಮಾತ್ರೆ ನುಂಗುವುದನ್ನು ಶಿಸ್ತಿನ ಪ್ರಶ್ನೆ ಎಂದಷ್ಟೇ ನೋಡಿ ರೋಗಿಯನ್ನು ಗದರಿಸುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ಒಂದೇ ಮಾತ್ರೆಯ ಯೋಚನೆ ಕಾಗದದ ಮೇಲೆ ಸುಲಭ. ಕಾರ್ಖಾನೆಯಲ್ಲಿ ಅಷ್ಟು ಸುಲಭವಲ್ಲ. ತೇವ ತಗುಲಿದರೆ ಆಸ್ಪಿರಿನ್ ಒಡೆದು ಸ್ಯಾಲಿಸಿಲಿಕ್ ಆಮ್ಲವೂ ಅಸಿಟಿಕ್ ಆಮ್ಲವೂ ಆಗುತ್ತದೆ. ಹಳೆಯ ಆಸ್ಪಿರಿನ್ ಬಾಟಲಿಯ ಮುಚ್ಚಳ ತೆರೆದಾಗ ಬರುವ ವಿನೆಗರ್ ವಾಸನೆ ಇದರದೇ. ರಾಮಿಪ್ರಿಲ್ ಕೂಡ ಶಾಖ, ತೇವಗಳಿಗೆ ಕೆಡುವ ಸ್ವಭಾವದ್ದು. ಇವನ್ನು ಒಂದರ ಪಕ್ಕ ಒಂದಿಟ್ಟು, ನಮ್ಮ ಬೇಸಿಗೆ ಮಳೆಗಾಲಗಳಲ್ಲಿ ಹಾಳಾಗದಂತೆ ಉಳಿಸಬೇಕು. ದೇಹದೊಳಗೆ ಹೋದಮೇಲೆ ಒಂದರ ಹೀರಿಕೆಗೆ ಇನ್ನೊಂದು ಅಡ್ಡಿಯಾಗಬಾರದು. ಅಹಮದಾಬಾದಿನ ಕ್ಯಾಡಿಲಾ ಫಾರ್ಮಾಸ್ಯುಟಿಕಲ್ಸ್ ಐದು ಔಷಧಗಳನ್ನು ಸೇರಿಸಿ ‘ಪಾಲಿಕ್ಯಾಪ್’ ಎಂಬ ಕ್ಯಾಪ್ಸೂಲ್ ತಯಾರಿಸಿತು. ಅದರ ಮೊದಲ ದೊಡ್ಡ ಪರೀಕ್ಷೆಯನ್ನು ಯೂಸುಫ್ ಅವರ ತಂಡದೊಂದಿಗೆ ಸೇರಿ ನಡೆಸಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಪ್ರೇಮ್ ಪೈಸ್, ಡೆನಿಸ್ ಝೇವಿಯರ್ ಮೊದಲಾದವರು. ಭಾರತದ 50 ಕೇಂದ್ರಗಳಲ್ಲಿ 2,053 ಮಂದಿಯನ್ನು ಒಳಗೊಂಡು 2007 ಮತ್ತು 2008ರಲ್ಲಿ ನಡೆದ ಈ ‘ಟಿಪ್ಸ್’ ಪ್ರಯೋಗದಲ್ಲಿ ಹನ್ನೆರಡು ವಾರಗಳಲ್ಲಿ ಮೇಲಿನ ಬಿಪಿ ಸರಾಸರಿ 7.4 ಅಂಕ ಇಳಿಯಿತು. ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ ಸುಮಾರು 27 ಮಿಲಿಗ್ರಾಂ ತಗ್ಗಿತು. ಸಿಮ್ವಾಸ್ಟಾಟಿನ್ ಅನ್ನು ಪ್ರತ್ಯೇಕವಾಗಿ ಕೊಟ್ಟಾಗ ಆಗುವುದಕ್ಕಿಂತ ಈ ಇಳಿಕೆ ತುಸು ಕಡಿಮೆ. ಆದರೂ ಐದು ಔಷಧಗಳು ಒಂದೇ ಕ್ಯಾಪ್ಸೂಲಿನಲ್ಲಿ ಪರಸ್ಪರ ಜಗಳವಾಡದೆ ಕೆಲಸ ಮಾಡಬಲ್ಲವು ಎಂಬುದು ಮೊದಲ ಬಾರಿಗೆ ಜನರ ಮೇಲಿನ ಪ್ರಯೋಗದಿಂದ ದೃಢಪಟ್ಟಿತು.

ಜನ ಅದನ್ನು ನುಂಗುತ್ತಾರೆಯೇ ಎಂಬ ಪ್ರಶ್ನೆಗೆ 2013ರಲ್ಲಿ ಉತ್ತರ ಬಂತು. ಭಾರತ ಮತ್ತು ಯುರೋಪಿನ 2,004 ಮಂದಿಯ ‘ಅಂಪೈರ್’ ಪ್ರಯೋಗದಲ್ಲಿ ಬೇರೆಬೇರೆ ಮಾತ್ರೆಗಳನ್ನು ಪಡೆಯುತ್ತಿದ್ದವರಲ್ಲಿ ಶೇ 65 ಜನ ಔಷಧ ಮುಂದುವರಿಸಿದ್ದರೆ, ಒಂದೇ ಮಾತ್ರೆಯ ಗುಂಪಿನಲ್ಲಿ ಶೇ 86 ಜನ ಮುಂದುವರಿಸಿದ್ದರು. ಮೊದಲೇ ಔಷಧ ಬಿಟ್ಟಿದ್ದವರಲ್ಲಿ ಈ ಅಂತರ ಇನ್ನೂ ದೊಡ್ಡದಾಗಿತ್ತು.

ಆದರೆ ಬಿಪಿಯ ಅಂಕ ಇಳಿಯುವುದು ಬೇರೆ, ಹೃದಯಾಘಾತ ತಪ್ಪುವುದು ಬೇರೆ. ಎರಡನೆಯದನ್ನು ತೋರಿಸಲು ವರ್ಷಗಳು ಬೇಕು, ಹಣ ಬೇಕು. ಲಾಭ ತರದ ಅಗ್ಗದ ಮಾತ್ರೆಗೆ ಅಷ್ಟು ಹಣ ಹಾಕುವ ದೊಡ್ಡ ಕಂಪನಿ ಸಿಗುವುದು ಕಷ್ಟ. ಈ ಕೆಲಸವನ್ನು ಮೊದಲು ಮಾಡಿ ಮುಗಿಸಿದ್ದು ನಿರ್ಬಂಧಗಳ ನಡುವೆ ಬದುಕುತ್ತಿದ್ದ ಇರಾನ್. ಈಶಾನ್ಯದ ಗೊಲೆಸ್ತಾನ್ ಪ್ರಾಂತ್ಯದ ಹಳ್ಳಿಗಳನ್ನು 236 ಗುಂಪುಗಳಾಗಿ ವಿಂಗಡಿಸಿ, ಅರ್ಧದಷ್ಟು ಗುಂಪುಗಳಿಗೆ ಆಹಾರ ಮತ್ತು ಜೀವನಕ್ರಮದ ತಿಳಿವಳಿಕೆಯನ್ನಷ್ಟೇ, ಉಳಿದವಕ್ಕೆ ತಿಳಿವಳಿಕೆಯ ಜೊತೆಗೆ ಮಾತ್ರೆಯನ್ನೂ ಕೊಟ್ಟು ಐದು ವರ್ಷ ಗಮನಿಸಲಾಯಿತು. ಒಣಕೆಮ್ಮು ಬಂದವರಿಗಾಗಿ ರಾಮಿಪ್ರಿಲ್‌ನದೇ ಕುಟುಂಬದ ಎನಲಾಪ್ರಿಲ್ ಬದಲು ವಲ್ಸಾರ್ಟಾನ್ ಹಾಕಿದ ಇನ್ನೊಂದು ಬಗೆಯ ಮಾತ್ರೆಯನ್ನು ಮೊದಲೇ ಸಿದ್ಧಪಡಿಸಿಕೊಂಡಿದ್ದರು; ರೋಗಿಯ ದೂರನ್ನು ಗಂಭೀರವಾಗಿ ತೆಗೆದುಕೊಂಡ ಈ ಜಾಣತನ ನನಗೆ ಬಹಳ ಮೆಚ್ಚುಗೆಯಾಯಿತು. 2019ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ 6,838 ಮಂದಿಯಲ್ಲಿ ಹೃದಯ ಮತ್ತು ರಕ್ತನಾಳದ ದೊಡ್ಡ ಅವಘಡಗಳು ತಿಳಿವಳಿಕೆಯ ಗುಂಪಿನಲ್ಲಿ ಶೇ 8.8, ಮಾತ್ರೆಯ ಗುಂಪಿನಲ್ಲಿ ಶೇ 5.9. ಅಂದರೆ ಅಪಾಯದಲ್ಲಿ ಮೂರನೇ ಒಂದು ಭಾಗದ ಇಳಿಕೆ. ಮಾತ್ರೆಯನ್ನು ತಪ್ಪದೆ ತೆಗೆದುಕೊಂಡವರಲ್ಲಿ ಅದು ಅರ್ಧಕ್ಕಿಂತಲೂ ಹೆಚ್ಚು.

ಮರುವರ್ಷ ಬಂದ ‘ಟಿಪ್ಸ್-3’ರ ಕಥೆ ಇಷ್ಟು ಸುಗಮವಲ್ಲ. ಯೂಸುಫ್ ಮತ್ತು ಪ್ರೇಮ್ ಪೈಸ್ ಮುನ್ನಡೆಸಿದ, ಒಂಬತ್ತು ದೇಶಗಳ 5,713 ಮಂದಿಯ ಈ ಪ್ರಯೋಗದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಭಾರತೀಯರು. ಔಷಧವಿಲ್ಲದ ಹುಸಿ ಮಾತ್ರೆಯ ಗುಂಪಿಗೆ ಹೋಲಿಸಿದರೆ ಆಸ್ಪಿರಿನ್ ಇಲ್ಲದ ಪಾಲಿಪಿಲ್ ಅಪಾಯವನ್ನು ಶೇ 21ರಷ್ಟು, ಆಸ್ಪಿರಿನ್ ಜೊತೆ ಕೊಟ್ಟಾಗ ಶೇ 31ರಷ್ಟು ತಗ್ಗಿಸಿತು. ಮೂಲ ನಿರೀಕ್ಷೆ ಇದಕ್ಕಿಂತ ಬಹಳ ದೊಡ್ಡದಾಗಿತ್ತು. ಮಾತ್ರೆಯ ಪೂರೈಕೆಯಲ್ಲಿ ಅಡಚಣೆಗಳಾದವು, ಕೊನೆಯಲ್ಲಿ ಕೋವಿಡ್ ಬಂತು, ಪ್ರಯೋಗ ಮುಗಿಯುವ ಹೊತ್ತಿಗೆ ಶೇ 40ಕ್ಕೂ ಹೆಚ್ಚು ಮಂದಿ ಮಾತ್ರೆ ನಿಲ್ಲಿಸಿದ್ದರು. ವಾಲ್ಡ್ ಮತ್ತು ಲಾ ಹೇಳಿದ್ದ ಶೇ 80 ಎಂಬುದು ಎಲ್ಲರೂ ಎಲ್ಲ ದಿನವೂ ನುಂಗಿದಾಗಿನ ಲೆಕ್ಕ. ನಿಜ ಜೀವನದಲ್ಲಿ ಅದರ ಅರ್ಧ ಸಿಕ್ಕರೂ ದೊಡ್ಡ ಗಳಿಕೆ ಎಂದು ಈಗ ಒಪ್ಪಿಕೊಳ್ಳಬೇಕು. ಮೂರು ಪ್ರಯೋಗಗಳ 18,162 ಮಂದಿಯ ಮಾಹಿತಿಯನ್ನು ಕೂಡಿಸಿ 2021ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ ದೊರೆತ ಇಳಿಕೆ ಶೇ 38. ಇನ್ನು, ಹೃದಯಾಘಾತವಾಗಿ ಆರು ತಿಂಗಳೊಳಗಿನ ಯುರೋಪಿನ 2,499 ಹಿರಿಯ ರೋಗಿಗಳಲ್ಲಿ ವ್ಯಾಲೆಂಟಿನ್ ಫುಸ್ಟರ್ ತಂಡ ನಡೆಸಿದ ‘ಸೆಕ್ಯೂರ್’ ಪ್ರಯೋಗದ ಫಲಿತಾಂಶ ಬಂದದ್ದು 2022ರಲ್ಲಿ. ಆಸ್ಪಿರಿನ್, ರಾಮಿಪ್ರಿಲ್, ಅಟೊರ್ವಾಸ್ಟಾಟಿನ್ ಸೇರಿದ ಮಾತ್ರೆ ಪಡೆದವರಲ್ಲಿ ಹೃದ್ರೋಗದ ಸಾವು ಮೂರನೇ ಒಂದು ಭಾಗ ಕಡಿಮೆಯಾಗಿತ್ತು. ಅಲ್ಲಿ ಹೋಲಿಕೆ ನಡೆದದ್ದು ಹುಸಿ ಮಾತ್ರೆಯ ಜೊತೆಗಲ್ಲ, ಒಳ್ಳೆಯ ಆಸ್ಪತ್ರೆಗಳ ಎಂದಿನ ಚಿಕಿತ್ಸೆಯ ಜೊತೆಗೆ ಎಂಬುದನ್ನು ಮರೆಯಬಾರದು.

ಆಸ್ಪಿರಿನ್ ವಿಷಯದಲ್ಲಿ ಎಚ್ಚರಿಕೆ ಬೇಕು. 2018ರಲ್ಲಿ ಒಂದಾದಮೇಲೊಂದು ಬಂದ ದೊಡ್ಡ ಪ್ರಯೋಗಗಳು ಹೃದ್ರೋಗವಿಲ್ಲದವರಿಗೆ, ಅದರಲ್ಲೂ ವಯಸ್ಸಾದವರಿಗೆ, ಆಸ್ಪಿರಿನ್‌ನಿಂದ ಆಗುವ ರಕ್ತಸ್ರಾವದ ಹಾನಿಯನ್ನು ಸ್ಪಷ್ಟಪಡಿಸಿದವು. ಹೀಗಾಗಿ ಒಮ್ಮೆ ಹೃದಯಾಘಾತವಾದವರಿಗೆ ಆಸ್ಪಿರಿನ್ ಇರುವ ಮಾತ್ರೆ, ಇನ್ನೂ ಆಗದವರಿಗೆ ಅದಿಲ್ಲದ ಮಾತ್ರೆ ಎಂಬ ಕಡೆಗೆ ಅಭಿಪ್ರಾಯ ವಾಲಿದೆ. ಈ ಯಾವುದನ್ನೂ ವೈದ್ಯರ ಸಲಹೆಯಿಲ್ಲದೆ ಅಂಗಡಿಯಿಂದ ಕೊಂಡು ನುಂಗುವಂತಿಲ್ಲ.

ವೈದ್ಯರಲ್ಲೇ ಇದರ ಬಗ್ಗೆ ಹಿಂಜರಿಕೆಯಿದೆ, ಅದಕ್ಕೆ ಕಾರಣಗಳೂ ಇವೆ. ಪ್ರಮಾಣವನ್ನು ರೋಗಿಗೆ ತಕ್ಕಂತೆ ಹೆಚ್ಚುಕಡಿಮೆ ಮಾಡುವ ಅವಕಾಶ ಒಂದೇ ಮಾತ್ರೆಯಲ್ಲಿ ಕಡಿಮೆ. ನಮ್ಮ ಮಾರುಕಟ್ಟೆಯಲ್ಲಿ ಅರ್ಥವಿಲ್ಲದ ಔಷಧ ಮಿಶ್ರಣಗಳು ಎಷ್ಟಿದ್ದವೆಂದರೆ 2016ರಲ್ಲಿ ಕೇಂದ್ರ ಸರ್ಕಾರ 344 ಮಿಶ್ರಣಗಳನ್ನು ಒಟ್ಟಿಗೇ ನಿಷೇಧಿಸಬೇಕಾಯಿತು. ಆ ಪಟ್ಟಿಯಲ್ಲಿದ್ದ ಕೆಮ್ಮಿನ ಸಿರಪ್ಪುಗಳಂಥವುಗಳ ಕೆಟ್ಟ ಹೆಸರು ಸಾಕ್ಷ್ಯವಿರುವ ಮಿಶ್ರಣಕ್ಕೂ ಅಂಟಿಕೊಂಡಿದೆ. ಮಾತ್ರೆ ಇದೆಯೆಂದು ಜನ ನಡಿಗೆ ಬಿಟ್ಟು ಬೀಡಿ ಹಿಡಿದಾರು ಎಂಬ ಭಯವೂ ಒಂದು. ತಂಬಾಕು ಬಿಡುವುದಕ್ಕೆ ಪರ್ಯಾಯವಾದ ಮಾತ್ರೆ ಖಂಡಿತ ಇಲ್ಲ. ಆದರೆ ಸ್ಟ್ಯಾಟಿನ್ ಸಿಗದ ಬಡ ರೋಗಿಗೆ ಬರೀ ಜೀವನಶೈಲಿಯ ಉಪದೇಶ ಮಾಡಿ ಕಳಿಸುವುದನ್ನು ಚಿಕಿತ್ಸೆ ಎನ್ನಲಾಗದು.

2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅಗತ್ಯ ಔಷಧಗಳ ಪಟ್ಟಿಗೆ ಪಾಲಿಪಿಲ್‌ಗಳನ್ನು ಸೇರಿಸಿತು. ಈಗ ಉಳಿದಿರುವುದು ಅದನ್ನು ಮನೆಬಾಗಿಲಿಗೆ ಮುಟ್ಟಿಸುವ ಕೆಲಸ. ಇದಕ್ಕೂ ಪ್ರಯೋಗದ ಆಧಾರವಿದೆ. ಕೊಲಂಬಿಯಾ ಮತ್ತು ಮಲೇಷ್ಯಾದ 30 ಸಮುದಾಯಗಳಲ್ಲಿ ನಡೆದ ‘ಹೋಪ್-4’ ಅಧ್ಯಯನದಲ್ಲಿ ವೈದ್ಯರಲ್ಲದ ಆರೋಗ್ಯ ಕಾರ್ಯಕರ್ತರು ವೈದ್ಯರ ಉಸ್ತುವಾರಿಯಲ್ಲಿ ಉಚಿತ ಔಷಧ ಕೊಟ್ಟು, ಮನೆಯವರನ್ನೋ ಸ್ನೇಹಿತರನ್ನೋ ಜೊತೆಗೆ ಸೇರಿಸಿಕೊಂಡಾಗ ಬಿಪಿ ಹತೋಟಿಗೆ ಬಂದವರು ಶೇ 69. ಎಂದಿನ ಚಿಕಿತ್ಸೆಯಲ್ಲಿ ಶೇ 30. ಕರ್ನಾಟಕದಲ್ಲಿ ಇದರ ಅರ್ಧ ದಾರಿ ಆಗಲೇ ಸವೆದಿದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಬಂದಿದೆ. ಮನೆಮನೆಗೆ ಹೋಗಿ ಬಿಪಿ, ಸಕ್ಕರೆ ನೋಡುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಿಂದ ಆರಂಭವಾಯಿತು. ಮೊದಲನೆಯದರಿಂದ ಜೀವ ಉಳಿಸಿಕೊಂಡು ಊರಿಗೆ ಮರಳಿದ ರೋಗಿಯ ಹೆಸರು ಎರಡನೆಯದರ ಪಟ್ಟಿಗೆ ತಾನಾಗಿಯೇ ಸೇರಬೇಕು, ಬಿಪಿ ಮಾತ್ರೆ ತರುವ ಕಾರ್ಯಕರ್ತೆಯ ಚೀಲದಲ್ಲಿ ಸ್ಟ್ಯಾಟಿನ್ ಮತ್ತು ಆಸ್ಪಿರಿನ್‌ಗಳೂ, ಸಾಧ್ಯವಾದರೆ ಎಲ್ಲವೂ ಒಂದರಲ್ಲೇ ಸೇರಿದ ಮಾತ್ರೆಯೂ, ತಿಂಗಳು ತಪ್ಪದೆ ಇರಬೇಕು.