ತೊಡೆ ದಪ್ಪವಾದರೆ ಓಟ ಚುರುಕಾಗುತ್ತದೆಯೇ?

ನೂರು ಮೀಟರ್ ಓಟದ ತರಬೇತಿಯಲ್ಲಿ ಇಂದು ಎರಡು ಮಾತುಗಳು ಒಟ್ಟಿಗೇ ಕಿವಿಗೆ ಬೀಳುತ್ತವೆ. ಬಾರ್ಬೆಲ್ ಹೊತ್ತು ಬಸ್ಕಿ ಹೊಡೆಯದೆ ವೇಗ ಬಾರದು ಎನ್ನುವುದು ಒಂದು. ಭಾರ ಎತ್ತಿದರೆ ಕಾಲು ಬಿಗಿದುಕೊಂಡು ಓಟ ಕೆಡುತ್ತದೆ ಎನ್ನುವುದು ಇನ್ನೊಂದು. ಹದಿನೈದು ಹದಿನಾರರ ಮಕ್ಕಳು ಎರಡನ್ನೂ ಕೇಳಿ ಗೊಂದಲಕ್ಕೆ ಬೀಳುತ್ತಾರೆ.

ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಭಾರ ಎತ್ತುವುದು ಓಟಗಾರರಿಗೆ ಹೇಳಿದ್ದಲ್ಲ ಎಂದೇ ಹೆಚ್ಚಿನ ತರಬೇತುದಾರರು ನಂಬಿದ್ದರು. ಎಂಬತ್ತರ ದಶಕದ ಹೊತ್ತಿಗೆ ಬಾರ್ಬೆಲ್ ಟ್ರ್ಯಾಕಿನ ಪಕ್ಕಕ್ಕೇ ಬಂದಿತ್ತು. 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಕೆನಡಾದ ದಪ್ಪ ಸ್ನಾಯುಗಳ ಓಟಗಾರ ಬೆನ್ ಜಾನ್ಸನ್ 9.79 ಸೆಕೆಂಡಿನಲ್ಲಿ ಓಡಿ, ಉದ್ದೀಪನ ಮದ್ದಿನ ಕಾರಣಕ್ಕೆ ಪದಕ ಕಳೆದುಕೊಂಡರು. ಪದಕ ಹೋದರೂ ಅಂಥ ಹುರಿಗಟ್ಟಿದ ಮೈಕಟ್ಟೇ ವೇಗದ ಗುರುತೆಂಬ ಭಾವನೆ ಹೋಗಲಿಲ್ಲ. 2010ರಲ್ಲಿ ಸಪೂರ ಮೈಯ ಫ್ರೆಂಚ್ ಓಟಗಾರ ಕ್ರಿಸ್ಟೋಫ್ ಲೆಮೆತ್ರ್ 9.98 ಸೆಕೆಂಡಿನಲ್ಲಿ ಗುರಿ ಮುಟ್ಟಿದಾಗಲೂ ಅದು ಅಷ್ಟಾಗಿ ಕದಲಲಿಲ್ಲ.

ಸ್ನಾಯುವಿನ ಬಲ ಅದರ ಅಡ್ಡಕೊಯ್ತದ ವಿಸ್ತಾರವನ್ನು ಅವಲಂಬಿಸಿದೆ, ಆದ್ದರಿಂದ ದಪ್ಪಕ್ಕೂ ಬಲಕ್ಕೂ ನಂಟಿರುವುದು ನಿಜ. ಆದರೆ ಬೆಳೆದ ಸ್ನಾಯುವಿನ ಭಾರವನ್ನೂ ಓಟಗಾರನೇ ಹೊರಬೇಕು. ಜೊತೆಗೆ, ಸ್ನಾಯು ಎಷ್ಟು ವೇಗವಾಗಿ ಸಂಕುಚಿಸುತ್ತದೋ ಅಷ್ಟು ಅದರ ಬಲ ಇಳಿಯುತ್ತದೆಂದು ಬ್ರಿಟನ್ನಿನ ವಿಜ್ಞಾನಿ ಎ.ವಿ. ಹಿಲ್ 1938ರಲ್ಲೇ ತೋರಿಸಿದ್ದರು. ನಿಧಾನವಾಗಿ ಎತ್ತಿದ ಭಾರದ ಲೆಕ್ಕದಿಂದ ಓಟದ ವೇಗವನ್ನು ಊಹಿಸಲು ಹೊರಡುವವರು ಈ ಮಾತನ್ನು ಮರೆಯಬಾರದಿತ್ತು.

ವಿಷಯಕ್ಕೆ ಹೊಸ ತಿರುವು ಸಿಕ್ಕಿದ್ದು 2000ದಲ್ಲಿ. ಅಮೆರಿಕದ ಪೀಟರ್ ವೇಯಾಂಡ್ ಮತ್ತು ಸಂಗಡಿಗರು 33 ಜನರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿದರು. ಅವರ ಗರಿಷ್ಠ ವೇಗ ಸೆಕೆಂಡಿಗೆ 6.2 ಮೀಟರ್‌ನಿಂದ 11.1 ಮೀಟರ್‌ವರೆಗೆ ಇತ್ತು. ವೇಗದ ಓಟಗಾರರು ಕಾಲನ್ನು ಗಾಳಿಯಲ್ಲಿ ಬೇಗ ಬೀಸುತ್ತಾರೆಂಬ ಎಣಿಕೆ ಅಲ್ಲಿ ಬಿದ್ದುಹೋಯಿತು. ಕಾಲು ಮುಂದಕ್ಕೆ ಬರಲು ಬೇಕಾದ ಸಮಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸ ಕಂಡದ್ದು ನೆಲವನ್ನು ಒದೆಯುವ ಬಲದಲ್ಲಿ. ವೇಗ 1.8 ಪಟ್ಟು ಹೆಚ್ಚಿದ್ದವರ ಬಲ, ದೇಹತೂಕದ ಲೆಕ್ಕದಲ್ಲಿ, 1.26 ಪಟ್ಟು ಇತ್ತು.

ಇದನ್ನು ಓದಿದ ಅನೇಕರು ‘ಹಾಗಾದರೆ ಬಲವೇ ಎಲ್ಲ’ ಎಂದು ತೀರ್ಮಾನಿಸಿ ಬಾರ್ಬೆಲ್‌ಗೆ ಇನ್ನಷ್ಟು ಭಾರ ಸೇರಿಸಿದರು. ವಿಷಯದ ಅರ್ಧ ಮಾತ್ರ ಅವರಿಗೆ ತಲುಪಿತ್ತು. ಪೂರ್ಣ ವೇಗದಲ್ಲಿರುವ ಓಟಗಾರನ ಪಾದ ನೆಲದ ಮೇಲಿರುವುದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ. ಸ್ನಾಯು ತನ್ನ ಪೂರ್ತಿ ಬಲಕ್ಕೆ ಏರಲು ಅದರ ಎರಡು ಮೂರು ಪಟ್ಟು ಸಮಯ ಬೇಕು. ಇನ್ನೂರು ಕಿಲೋ ಹೊತ್ತು ಏಳಬಲ್ಲವನಿಗೂ ಆ ಬಲವನ್ನೆಲ್ಲ ಬಳಸಲು ಪುರುಸೊತ್ತಿಲ್ಲ. ಸ್ಟಾರ್ಟಿಂಗ್ ಬ್ಲಾಕಿನಿಂದ ಹೊರಡುವಾಗ, ಮೊದಲ ಕೆಲವು ಹೆಜ್ಜೆಗಳಲ್ಲಿ, ಪಾದ ಹೆಚ್ಚು ಹೊತ್ತು ನೆಲದಲ್ಲಿರುತ್ತದೆ. ಬಸ್ಕಿಯ ಬಲ ಕೈಹಿಡಿಯುವುದು ಹೆಚ್ಚಾಗಿ ಅಲ್ಲಿ.

ಬಲ ಯಾವ ದಿಕ್ಕಿಗೆ ಹೋಗುತ್ತದೆ ಎಂಬ ಪ್ರಶ್ನೆಯೂ ಇದೆ. ವೇಗ ಪಡೆದುಕೊಳ್ಳುವ ಹಂತದಲ್ಲಿ ನೆಲವನ್ನು ಹಿಂದಕ್ಕೆ ತಳ್ಳುವ ಕೌಶಲವೇ ಮುಖ್ಯವೆಂದು ಫ್ರಾನ್ಸಿನ ಸಂಶೋಧಕರು ತೋರಿಸಿದರು. 2020ರಲ್ಲಿ ಕಂಬಳದ ಶ್ರೀನಿವಾಸ ಗೌಡರನ್ನು ಉಸೇನ್ ಬೋಲ್ಟ್‌ಗೆ ಹೋಲಿಸಿದವರು ಮರೆತದ್ದೂ ಇಂಥದ್ದೇ: ಅಲ್ಲಿ ಮುಂದಕ್ಕೆ ಎಳೆಯುವ ಬಲದಲ್ಲಿ ದೊಡ್ಡ ಪಾಲು ಕೋಣಗಳದು. ಗೌಡರಂತೂ ಶ್ರೇಯವನ್ನು ಕೋಣಗಳಿಗೇ ಕೊಟ್ಟಿದ್ದರು.

ಗಾತ್ರದ ಪ್ರಶ್ನೆಗೆ ಸ್ಪಷ್ಟ ಉತ್ತರ ಬಂದದ್ದು 2021ರಲ್ಲಿ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ತಂಡ ಎಂ.ಆರ್.ಐ. ಮೂಲಕ ಪುರುಷ ಓಟಗಾರರ ಕಾಲಿನ ಸ್ನಾಯುಗಳನ್ನು ಒಂದೊಂದಾಗಿ ಅಳೆಯಿತು. ಸರಾಸರಿ 10.10 ಸೆಕೆಂಡಿನವರಿಗೂ 10.80ರವರಿಗೂ ಎದ್ದು ಕಂಡ ಅಂತರ ಪೃಷ್ಠದ ದೊಡ್ಡ ಸ್ನಾಯುವಿನಲ್ಲಿತ್ತು: ಮೊದಲ ಗುಂಪಿನವರಲ್ಲಿ ಅದು ಸುಮಾರು 45 ಶೇಕಡಾ ದೊಡ್ಡದು. ಮೀನಖಂಡದಲ್ಲಿ ಅಂಥ ಅಂತರವಿರಲಿಲ್ಲ. ಕಾಲಿನ ತುದಿ ಹಗುರವಾಗಿದ್ದಷ್ಟೂ ಬೀಸಲು ಸುಲಭವಾದ್ದರಿಂದ ಇದು ಸಹಜವೇ. ತೊಡೆಯ ಮುಂಭಾಗದ ಸುತ್ತಳತೆಗೆ ಟೇಪು ಹಿಡಿದು ಮಕ್ಕಳ ಭವಿಷ್ಯ ಹೇಳುವ ಅಭ್ಯಾಸ ಇಷ್ಟರ ಮೇಲಾದರೂ ನಿಲ್ಲಬೇಕಿತ್ತು.

ಆದರೆ ಆ ಮೊದಲ ಗುಂಪಿನಲ್ಲಿದ್ದವರು ಐದೇ ಜನ. ಸ್ನಾಯು ದೊಡ್ಡದಾಗಿದ್ದರಿಂದ ಅವರಿಗೆ ವೇಗ ಬಂತೇ, ವರ್ಷಗಟ್ಟಲೆ ವೇಗವಾಗಿ ಓಡಿದ್ದರಿಂದ ಸ್ನಾಯು ಬೆಳೆಯಿತೇ, ಅಥವಾ ಅದು ಹುಟ್ಟಿನಿಂದ ಬಂದದ್ದೇ ಎಂಬುದನ್ನು ಒಂದು ಸಲದ ಎಂ.ಆರ್.ಐ. ಹೇಳಲಾರದು. ಅದಕ್ಕೆ ಅದೇ ಓಟಗಾರರನ್ನು ಎಳೆಯ ವಯಸ್ಸಿನಿಂದ ಹಲವು ವರ್ಷ ಹಿಂಬಾಲಿಸಿ ಅಳೆಯಬೇಕು.