ಬಾಗಿಲು ತಟ್ಟಿ ಲೆಕ್ಕ ಕೊಡುತ್ತಿದ್ದವರು

ಗಣಿತಜ್ಞ ಪಾಲ್ ಎರ್ಡೋಶ್ ಹೆಸರು ಬಂದರೆ ಸಾಕು, ಎಲ್ಲರೂ ಅವರ ವಿಚಿತ್ರ ಸ್ವಭಾವದ ಕಥೆಗಳನ್ನೇ ಹೇಳುತ್ತಾರೆ. ಸ್ವಂತ ಮನೆ ಇರಲಿಲ್ಲ, ಮದುವೆಯಾಗಲಿಲ್ಲ, ಒಂದು ಊರಲ್ಲಿ ನೆಲೆ ನಿಲ್ಲಲಿಲ್ಲ. ಹನ್ನೊಂದು ವರ್ಷದವರೆಗೂ ಶೂ ಲೇಸ್ ಕಟ್ಟಲು ಬರುತ್ತಿರಲಿಲ್ಲವಂತೆ. ಸೂಟ್‌ಕೇಸ್ ಹಿಡಿದು ಯಾರದ್ದಾದರೂ ಗಣಿತಜ್ಞರ ಮನೆಗೆ ಹೋಗುತ್ತಿದ್ದರು. ಕೆಲವು ದಿನ ಅಲ್ಲೇ ಉಂಡು, ಮಲಗಿ, ಜೊತೆಗೆ ಒಂದು ಪ್ರಮೇಯ ಸಾಧಿಸಿ, ಮುಂದಿನ ಊರಿಗೆ ಹೊರಡುತ್ತಿದ್ದರು.

ಕಾಂಬಿನೇಟರಿಕ್ಸ್, ಅಂದರೆ ಗುಂಪು, ಜೋಡಣೆಗಳನ್ನು ಎಣಿಸುವ ಗಣಿತ, ಪಾಠ ಮಾಡುವ ನಾನೂ ತರಗತಿಯಲ್ಲಿ ಈ ಕಥೆಗಳನ್ನು ಹೇಳುತ್ತೇನೆ. ಆದರೆ ಮಾತು ಅಲ್ಲಿಗೇ ನಿಂತರೆ ನನಗೆ ಬೇಜಾರಾಗುತ್ತದೆ. ಎರ್ಡೋಶ್ ಸುಮಾರು 1500 ಪ್ರಬಂಧ ಬರೆದರು, 500ಕ್ಕೂ ಹೆಚ್ಚು ಜನರ ಜೊತೆ ಸೇರಿ ಬರೆದರು. ಅದು ಸುಮ್ನೆ ಅಲೆದರೆ ಆಗುವ ಕೆಲಸವಲ್ಲ. ಯಾರಿಗೆ ಯಾವ ಲೆಕ್ಕ ಕೊಡಬೇಕು ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರ ದೊಡ್ಡ ಪ್ರತಿಭೆ ಇದೇ ಎಂದು ನನ್ನ ಅಭಿಪ್ರಾಯ.

ಅಲೆದಾಟವೂ ಬರೀ ಹುಚ್ಚಲ್ಲ. ಅವರು 1913ರಲ್ಲಿ ಬುಡಾಪೆಸ್ಟ್‌ನ ಯಹೂದಿ ಕುಟುಂಬದಲ್ಲಿ ಹುಟ್ಟಿದರು. ಅಪ್ಪ ಅಮ್ಮ ಇಬ್ಬರೂ ಗಣಿತದ ಮೇಷ್ಟ್ರು. ಮಗ ಹುಟ್ಟುವ ಹೊತ್ತಿಗೇ ಇಬ್ಬರು ಪುಟ್ಟ ಹೆಣ್ಣುಮಕ್ಕಳು ಜ್ವರಕ್ಕೆ ತೀರಿಕೊಂಡರು. ಆಮೇಲೆ ಅಪ್ಪ ಯುದ್ಧಕೈದಿಯಾಗಿ ಆರು ವರ್ಷ ಸೈಬೀರಿಯಾದಲ್ಲಿದ್ದರು. ಉಳಿದ ಒಬ್ಬನೇ ಮಗನನ್ನು ಅಮ್ಮ ಮನೆಯೊಳಗೇ ಇಟ್ಟುಕೊಂಡು ಸಾಕಿದರು. ಶೂ ಲೇಸ್ ಕಥೆಗೆ ನಗುವಾಗ ಇದೂ ನೆನಪಿರಲಿ. 1934ರಲ್ಲಿ ಡಾಕ್ಟರೇಟ್ ಮುಗಿಸಿ ಮ್ಯಾಂಚೆಸ್ಟರ್‌ಗೆ, 1938ರಲ್ಲಿ ಅಮೆರಿಕಕ್ಕೆ ಹೋದರು. ಊರಲ್ಲಿ ಉಳಿದ ಬಂಧುಗಳಲ್ಲಿ ಹಲವರನ್ನು ನಾಜಿಗಳು ಕೊಂದರು. 1954ರಲ್ಲಿ ಆಮ್ಸ್ಟರ್‌ಡ್ಯಾಮ್‌ನ ಸಮ್ಮೇಳನಕ್ಕೆ ಹೊರಟವರಿಗೆ ಅಮೆರಿಕ ವಾಪಸ್ ಬರಲು ವೀಸಾ ಕೊಡಲಿಲ್ಲ. ವರ್ಷಗಟ್ಟಲೆ ಹೀಗೇ ನಡೆಯಿತು. ಇಷ್ಟಾದ ಮೇಲೆ ಮನುಷ್ಯ ಮನೆ ಕಟ್ಟಲಿಲ್ಲ ಎಂದರೆ ಅದನ್ನು ತಿಕ್ಕಲು ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಈಗ ಅವರ ಲೆಕ್ಕಕ್ಕೆ ಬರೋಣ. ತರಗತಿಯಲ್ಲಿ ನಾನು ಆರು ಜನರನ್ನು ಎದ್ದು ನಿಲ್ಲಿಸುತ್ತೇನೆ. ಯಾರನ್ನು ಬೇಕಾದರೂ ಆರಿಸಿ. ಅವರಲ್ಲಿ ಪರಸ್ಪರ ಪರಿಚಯವಿರುವ ಮೂವರು ಸಿಗಲೇಬೇಕು, ಇಲ್ಲವೇ ಪರಸ್ಪರ ಪರಿಚಯವೇ ಇಲ್ಲದ ಮೂವರು ಸಿಗಲೇಬೇಕು. ಯಾಕೆ? ಒಬ್ಬಳನ್ನು ಮುಂದೆ ಕರೆಯಿರಿ. ಉಳಿದದ್ದು ಐದು ಜನ. ಅವರಲ್ಲಿ ಕನಿಷ್ಠ ಮೂವರು ಅವಳಿಗೆ ಗೊತ್ತಿರುವವರು, ಇಲ್ಲ ಕನಿಷ್ಠ ಮೂವರು ಗೊತ್ತಿಲ್ಲದವರು. ಗೊತ್ತಿರುವವರು ಎಂದೇ ಇಟ್ಟುಕೊಳ್ಳಿ. ಆ ಮೂವರಲ್ಲಿ ಯಾರಾದರೂ ಇಬ್ಬರಿಗೆ ಪರಿಚಯವಿದ್ದರೆ, ಇವಳೂ ಸೇರಿ ಮೂವರಾಯಿತು. ಯಾರಿಗೂ ಇಲ್ಲದಿದ್ದರೆ ಆ ಮೂವರೇ ಅಪರಿಚಿತರು. ಗೊತ್ತಿಲ್ಲದವರು ಮೂವರಿದ್ದರೂ ಇದೇ ವಾದ. ಮುಗಿಯಿತು.

ಐದು ಜನ ಸಾಲದು. ಐವರನ್ನು ದುಂಡಗೆ ಕೂರಿಸಿ, ಪ್ರತಿಯೊಬ್ಬರಿಗೂ ಎಡಬಲದವರು ಮಾತ್ರ ಗೊತ್ತು ಎಂದುಕೊಳ್ಳಿ. ಎಷ್ಟು ಹುಡುಕಿದರೂ ಅಂಥ ಮೂವರು ಸಿಗುವುದಿಲ್ಲ. ಮೂವರ ಬದಲು ನಾಲ್ವರು ಬೇಕೆಂದರೆ 18 ಜನರಿರಬೇಕು. ಐವರು ಬೇಕೆಂದರೆ? ಉತ್ತರ 43ಕ್ಕಿಂತ ಕಡಿಮೆಯಿಲ್ಲ, 46ಕ್ಕಿಂತ ಜಾಸ್ತಿಯಿಲ್ಲ. ಅದಕ್ಕಿಂತ ಖಚಿತವಾಗಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಹತ್ತು ಜನ ಬೇಕೆಂದರೆ ಎಷ್ಟು ದೊಡ್ಡ ಗುಂಪು ಬೇಕು? 1947ರಲ್ಲಿ ಎರ್ಡೋಶ್ ಇಲ್ಲಿಗೆ ನಾಣ್ಯ ತಂದರು. 100 ಜನರಿದ್ದಾರೆ ಎನ್ನಿ. ಪ್ರತಿ ಜೋಡಿಗೂ ನಾಣ್ಯ ಚಿಮ್ಮಿ, ತಲೆ ಬಿದ್ದರೆ ಪರಿಚಿತರು, ಬಾಲ ಬಿದ್ದರೆ ಅಪರಿಚಿತರು ಎಂದು ಬರೆದುಕೊಳ್ಳಿ. ಹತ್ತು ಜನರ ಒಂದು ಗುಂಪಿನಲ್ಲಿ 45 ಜೋಡಿಗಳು. ಆ 45ರಲ್ಲೂ ಒಂದೇ ಮುಖ ಬೀಳುವ ಸಂಭವ ಸುಮಾರು 17.59 ಲಕ್ಷ ಕೋಟಿಗೆ ಒಂದು. 100 ಜನರಲ್ಲಿ ಹತ್ತು ಜನರ ಗುಂಪುಗಳು ಎಷ್ಟು? ಸುಮಾರು 17.31 ಲಕ್ಷ ಕೋಟಿ. ಎಲ್ಲ ಗುಂಪುಗಳ ಸಂಭವ ಕೂಡಿಸಿದರೂ ಒಂದಕ್ಕಿಂತ ಕಡಿಮೆ! ಪ್ರತಿ ಜೋಡಣೆಯಲ್ಲೂ ಅಂಥ ಗುಂಪು ಇದ್ದಿದ್ದರೆ ಆ ಮೊತ್ತ ಕನಿಷ್ಠ ಒಂದಾಗಬೇಕಿತ್ತು. ಅಂದರೆ ಎಲ್ಲರೂ ಪರಿಚಿತರಾದ ಅಥವಾ ಎಲ್ಲರೂ ಅಪರಿಚಿತರಾದ ಹತ್ತು ಜನರ ಗುಂಪು ಒಂದೂ ಇಲ್ಲದ ಜೋಡಣೆ ಇರಲೇಬೇಕು. ಹಾಗಾಗಿ 100 ಜನ ಸಾಲುವುದಿಲ್ಲ. ಆ ಜೋಡಣೆ ಹೇಗಿದೆ ಎಂದು ತೋರಿಸಲೇ ಇಲ್ಲ, ಆದರೆ ಇದೆ ಎಂದು ಸಾಧಿಸಿಯಾಯಿತು. ಎಷ್ಟು ಸಲ ಪಾಠ ಮಾಡಿದರೂ ಈ ಜಾಗಕ್ಕೆ ಬಂದಾಗ ನನಗೆ ರೋಮಾಂಚನವಾಗುತ್ತದೆ. ಇವತ್ತು ಕಂಪ್ಯೂಟರ್ ವಿಜ್ಞಾನ ಓದುವವರಿಗೂ ಈ ವಿಧಾನ ಬೇಕೇ ಬೇಕು.

ಇಂಥ ಲೆಕ್ಕಗಳನ್ನು ಅವರು ಹಿರಿಯರಿಗೆ ಮಾತ್ರ ಕೊಡಲಿಲ್ಲ. 1970ರ ದಶಕದಲ್ಲಿ ಮದ್ರಾಸಿನ ಕಾಲೇಜು ವಿದ್ಯಾರ್ಥಿ ಕೃಷ್ಣಸ್ವಾಮಿ ಅಲ್ಲಾಡಿ ತಮ್ಮ ಕೆಲಸದ ಬಗ್ಗೆ ಅವರಿಗೆ ಪತ್ರ ಬರೆದರು. ಕಲ್ಕತ್ತಾದಿಂದ ಆಸ್ಟ್ರೇಲಿಯಾಕ್ಕೆ ಹೊರಟಿದ್ದ ಎರ್ಡೋಶ್, ಆ ಹುಡುಗನನ್ನು ನೋಡಲೆಂದೇ ಮದ್ರಾಸಿಗೆ ಬಂದರು. 1977ರಲ್ಲಿ ಇಬ್ಬರ ಹೆಸರಿನಲ್ಲಿ ಪ್ರಬಂಧ ಬಂತು. 1985ರಲ್ಲಿ ಹತ್ತು ವರ್ಷದ ಟೆರೆನ್ಸ್ ಟಾವ್ (ಈಗ ಹೆಸರಾಂತ ಗಣಿತಜ್ಞ) ಪಕ್ಕ ಕೂತು ಗಣಿತ ಮಾತಾಡಿದರು, ಮುಂದೆ ಅವನಿಗೆ ಶಿಫಾರಸು ಪತ್ರವನ್ನೂ ಬರೆದರು. ಎರ್ಡೋಶ್ 1930ರ ದಶಕದಲ್ಲಿ ಕೇಳಿದ್ದ ಒಂದು ಪ್ರಶ್ನೆಯನ್ನು ಅದೇ ಟಾವ್ 2015ರಲ್ಲಿ ಬಿಡಿಸಿದರು.

ದುಡ್ಡು ಅವರ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ವುಲ್ಫ್ ಪ್ರಶಸ್ತಿಯ 50,000 ಡಾಲರ್‌ನಲ್ಲಿ ತಮಗೆಂದು ಇಟ್ಟುಕೊಂಡದ್ದು 720 ಡಾಲರ್. ಭಾರತದಲ್ಲಿ ಉಪನ್ಯಾಸಕ್ಕೆ ಸಿಕ್ಕ ಹಣವನ್ನು ರಾಮಾನುಜನ್ ಪತ್ನಿ ಜಾನಕಿಯಮ್ಮನವರಿಗೆ ಕೊಟ್ಟರು. ತಮ್ಮ ಪ್ರಶ್ನೆಗಳನ್ನು ಬಿಡಿಸಿದವರಿಗೆ ಸ್ವಂತ ಜೇಬಿನಿಂದ ಬಹುಮಾನ ಕೊಡುತ್ತಿದ್ದರು. ಪ್ರಶ್ನೆ ಕಷ್ಟವಾದಷ್ಟೂ ಮೊತ್ತ ಜಾಸ್ತಿ.

ಒಂದು ಕಥೆಗೆ ಮಾತ್ರ ನಾನು ನಗುವುದಿಲ್ಲ, ನಗಿಸುವುದೂ ಇಲ್ಲ. ಉತ್ತೇಜಕ ಮಾತ್ರೆ ನುಂಗಿ ದಿನಕ್ಕೆ ಹತ್ತೊಂಬತ್ತು ಗಂಟೆ ಕೆಲಸ ಮಾಡುತ್ತಿದ್ದರು ಎನ್ನುವುದು. 1971ರಲ್ಲಿ ಅಮ್ಮ ತೀರಿಕೊಂಡ ಮೇಲೆ ಅವರು ಕುಸಿದುಹೋಗಿದ್ದರು. ಆ ಮಾತ್ರೆಯ ಹಿಂದೆ ಆ ದುಃಖವಿತ್ತು. ಅದನ್ನು ಪ್ರತಿಭೆಯ ಗುಟ್ಟು ಎಂದು ಹುಡುಗರಿಗೆ ಹೇಳಲೇಬಾರದು.

1996ರಲ್ಲಿ ವಾರ್ಸಾದಲ್ಲಿ ತೀರಿಕೊಂಡಾಗಲೂ ಅವರು ಗಣಿತದ ಸಭೆಗೇ ಹೋಗಿದ್ದರು. ಬಿಟ್ಟುಹೋದ ಪ್ರಶ್ನೆಗಳು ಇನ್ನೂ ರಾಶಿ ಇವೆ. ಭಿನ್ನರಾಶಿ ಕಲಿತ ಹೈಸ್ಕೂಲ್ ಮಕ್ಕಳಿಗೆ ನಾನು ಕೊಡುವುದು 1948ರಲ್ಲಿ ಅವರೂ ಅರ್ನ್ಸ್ಟ್ ಸ್ಟ್ರಾಸ್ ಅವರೂ ಕೇಳಿದ ಪ್ರಶ್ನೆ. 2 ಅಥವಾ ಅದಕ್ಕಿಂತ ದೊಡ್ಡ ಯಾವುದೇ ಪೂರ್ಣಸಂಖ್ಯೆ ತಗೊಳ್ಳಿ. 4ನ್ನು ಅದರಿಂದ ಭಾಗಿಸಿ. ಬಂದದ್ದನ್ನು, ಮೇಲೆ 1 ಇರುವ ಮೂರು ಭಿನ್ನರಾಶಿಗಳ ಮೊತ್ತವಾಗಿ ಬರೆಯಬಹುದೇ? 4/5 = 1/2 + 1/4 + 1/20. 4/13 = 1/4 + 1/18 + 1/468. ಎಲ್ಲ ಸಂಖ್ಯೆಗಳಿಗೂ ಹೀಗಾಗುತ್ತದೆ ಎಂದು ಇದುವರೆಗೆ ಯಾರೂ ಸಾಧಿಸಿಲ್ಲ, ಆಗದ ಸಂಖ್ಯೆಯೂ ಸಿಕ್ಕಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ 4/17 ಕೊಟ್ಟು ನೋಡಿ. ಮೊದಲ ಭಿನ್ನರಾಶಿ 1/5 ಎಂದು ಶುರು ಮಾಡಿದರೆ ದಾರಿ ಸಿಗುತ್ತದೆ.