ಟೇಲ್ ಎಂಡ್‌ಗೆ ಮಾತು ಮುಟ್ಟಲ್ಲ

ಹೋದ ವಾರ ಮತ್ತೆ ಅದೇ ಫೋನು. "ಸರ್, ಸಮ್ಮೇಳನದ ಕೊನೇ ದಿನ ಸೈಟ್ ವಿಸಿಟ್ ಇಟ್ಕೊಂಡೀವ್ರಿ. 54 ಮಂದಿ. ಒಂದೇ ಬಸ್ಸು, ಒಂದೇ ಗ್ರೂಪು, ನಿಮಗೇನೂ ತ್ರಾಸಿಲ್ಲ. ಮುಂಜಾನೆ ಡ್ಯಾಂ ಮುಗಿಸಿ ಮಧ್ಯಾಹ್ನ ಶಕ್ತಿನಗರ ಮುಗಿಸಿಬಿಡೋಣ." ತುಂಗಭದ್ರಾ ಡ್ಯಾಮು ಇರುವ ಮುನಿರಾಬಾದಿನಿಂದ, ರಾಯಚೂರು ಕಡೆಯ ಥರ್ಮಲ್ ಸ್ಟೇಷನ್ ಇರುವ ಶಕ್ತಿನಗರ ಎಷ್ಟು ದೂರ ಅಂತ ನೋಡಿದ್ದೀರಾ ಎಂದೆ. ನೋಡಿರಲಿಲ್ಲ. ಆ ಜಗಳ ಇವತ್ತು ಬೇಡ. ನನ್ನ ತಕರಾರು ಇರುವುದು "ಒಂದೇ ಬಸ್ಸು, ಒಂದೇ ಗ್ರೂಪು" ಅನ್ನುವ ಮಾತಿನ ಮೇಲೆ.

ಎಂಜಿನಿಯರಿಂಗ್ ಸಮ್ಮೇಳನಕ್ಕೆ ಬಂದವರನ್ನು ಡ್ಯಾಮು, ಕಾಲುವೆ, ಪವರ್ ಹೌಸು, ಥರ್ಮಲ್ ಸ್ಟೇಷನ್ನು ಅಂತ ಸುತ್ತಿಸಿ ತೋರಿಸುವುದು ನನ್ನ ಕೆಲಸ. ಕೊಪ್ಪಳದಲ್ಲಿ ಕೂತು ಮಾಡುತ್ತೇನೆ. ಪರವಾನಗಿ ಪತ್ರ, ಗುರುತಿನ ಚೀಟಿ, ಶೂ, ಹೆಲ್ಮೆಟ್ಟು ಇವನ್ನೆಲ್ಲ ಮತ್ತೆ ಹೇಳಲ್ಲ, ಎಂಜಿನಿಯರುಗಳಿಗೆ ಶೂ ಹಾಕಿಕೊಂಡು ಬನ್ನಿ ಅಂತ ಹೇಳಬೇಕಾಗಿ ಬಂದರೆ ನನಗೇ ನಾಚಿಕೆ. ಆದರೆ ಗ್ರೂಪಿನ ವಿಷಯ ಮಾತ್ರ ಎಷ್ಟು ಹೇಳಿದರೂ ಯಾರ ತಲೆಗೂ ಹೋಗುತ್ತಿಲ್ಲ.

ಗ್ರೂಪಿನಲ್ಲಿ ಎಷ್ಟು ಜನ ಇರಬೇಕು ಅನ್ನುವುದನ್ನು ಬಸ್ಸಿನ ಸೀಟು ಹೇಳಲ್ಲ, ತೋರಿಸುವವನ ಗಂಟಲು ಹೇಳುತ್ತದೆ. ಟರ್ಬೈನ್ ಓಡುತ್ತಿರುವ ಹಾಲ್‌ನಲ್ಲಿ ಪಕ್ಕದವನ ಕಿವಿಗೆ ಬಾಯಿ ಇಟ್ಟು ಕೂಗಬೇಕು. ಅಲ್ಲಿ ನಿಂತು 54 ಜನಕ್ಕೆ ವಿವರಿಸಿ ಅಂದರೆ ಹೇಗೆ? ಮುಂದಿನ ಹತ್ತು ಹನ್ನೆರಡು ಜನಕ್ಕೆ ಕೇಳಿಸುತ್ತದೆ. ಅವರ ಹಿಂದಿನವರು ಮುಖಭಾವ ನೋಡಿ ತಲೆ ಆಡಿಸುತ್ತಾರೆ. ಇನ್ನೂ ಹಿಂದಿನವರು ಸುಮ್ನೆ ಬೆನ್ನು ನೋಡುತ್ತಾ ನಿಲ್ಲುತ್ತಾರೆ, ಆಮೇಲೆ ಮೊಬೈಲು ತೆಗೆಯುತ್ತಾರೆ. ಅವರನ್ನು ಬೈಯುವ ಹಾಗಿಲ್ಲ.

ನಮ್ಮ ಕಡೆಯವರಿಗೆ ಇದನ್ನು ಬೇರೆ ಥರ ಹೇಳಿದರೆ ಥಟ್ಟನೆ ತಿಳಿಯುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಲ್ಲಿ ಹುಟ್ಟಿ ರಾಯಚೂರಿನ ಕಡೆ 227 ಕಿಲೋಮೀಟರ್ ಹೋಗುತ್ತದೆ. ಕಾಲುವೆ ಮಾಡುವಾಗ ಲೆಕ್ಕ ಹಾಕಿದ್ದು ಬಹುಪಾಲು ಕಡಿಮೆ ನೀರಿನ ಬೆಳೆಗಳಿಗೆ. ಮೇಲಿನ ಗಂಗಾವತಿ, ಸಿಂಧನೂರಿನವರು ಭತ್ತ ಹಚ್ಚಿದರು. ಸಿರವಾರ, ಮಾನ್ವಿ, ರಾಯಚೂರು ಕಡೆಯ ಟೇಲ್ ಎಂಡ್ ರೈತ, ಅಂದರೆ ಕಾಲುವೆಯ ಬಾಲದ ತುದಿಯವನು, ಮಟ್ಟ ಅಳೆಯುವ ಗೇಜಿನಲ್ಲಿ ನೀರು ಏರುತ್ತದೆಯೇ ಅಂತ ಕಾಯುತ್ತಾ ಕೂತ. ನಿಮ್ಮ 54 ಜನರ ಸಾಲು ಅಂಥದ್ದೇ ಒಂದು ಕಾಲುವೆ. ಮಾತೆಲ್ಲ ಮೇಲಿನವರೇ ಕುಡಿದುಬಿಡುತ್ತಾರೆ.

ಡ್ಯಾಮಿನೊಳಗಿನ ತಪಾಸಣೆ ಗ್ಯಾಲರಿಯನ್ನೇ ತಗೊಳ್ಳಿ, ಗೋಡೆಯ ಹೊಟ್ಟೆಯೊಳಗೆ ಸುರಂಗದ ಹಾಗೆ ಹೋಗುವ ದಾರಿ ಅದು. ನಮ್ಮ ದೇಶದ ಡ್ಯಾಮುಗಳಲ್ಲಿ ಅದು ಸಾಮಾನ್ಯವಾಗಿ ಒಂದೂವರೆ ಮೀಟರ್ ಅಗಲ ಇರುತ್ತದೆ. ಎದುರಿಗೆ ಬರುವವರಿಗೆ ದಾರಿ ಬಿಟ್ಟು ಒಬ್ಬರ ಹಿಂದೊಬ್ಬರು ನಿಂತರೆ 54 ಜನರ ಸಾಲು 40 ಮೀಟರ್. ಮುಂದೆ ಇರುವವನು ನೆಲದ ಹತ್ತಿರ ಬಾಗಿ ಒಂದು ವಸ್ತು ತೋರಿಸುತ್ತಾನೆ. ಅಣೆಕಟ್ಟಿನೊಳಗೆ ಸೋರಿದ ನೀರು ಸಣ್ಣ ಚರಂಡಿಯಲ್ಲಿ ಬಂದು, ವಿ ಆಕಾರಕ್ಕೆ ಕತ್ತರಿಸಿದ ತಗಡಿನ ಮೇಲಿಂದ ಬೀಳುತ್ತಿರುತ್ತದೆ. ವಿ ನಾಚ್ ಅನ್ನುತ್ತೇವೆ. ಪಕ್ಕದಲ್ಲಿ ಗೇಣುದ್ದದ ಸ್ಕೇಲು. ತಗಡನ್ನು 90 ಡಿಗ್ರಿಗೆ ಕತ್ತರಿಸಿದ್ದರೆ, ನೀರು 5 ಸೆಂಟಿಮೀಟರ್ ಎತ್ತರ ಇದ್ದಾಗ ಸೆಕೆಂಡಿಗೆ ಸುಮಾರು ಮುಕ್ಕಾಲು ಲೀಟರ್ ಹೋಗುತ್ತದೆ. 10 ಸೆಂಟಿಮೀಟರ್ ಆದರೆ ಒಂದೂವರೆ ಲೀಟರ್ ಅಂದುಕೊಳ್ಳುತ್ತೀರಿ ಅಲ್ವಾ? ನಾಲ್ಕು ಲೀಟರ್ ದಾಟುತ್ತದೆ. ಎತ್ತರ ಎರಡು ಪಟ್ಟು ಆದರೆ ನೀರು ಐದೂವರೆ ಪಟ್ಟಿಗೂ ಜಾಸ್ತಿ. ಅದಕ್ಕೇ ಸ್ಕೇಲು ಓದುವವನು ಬೆರಳಗಲ ಏರಿದರೂ ಫೋನ್ ಹಚ್ಚುತ್ತಾನೆ. ಇದನ್ನು ಬಗ್ಗಿ ನೋಡಿದವನು ಮರೆಯಲ್ಲ. ಆದರೆ ಒಮ್ಮೆಗೆ ಬಗ್ಗಿ ನೋಡಲು ಆಗುವುದು ಐದೇ ಜನಕ್ಕೆ. ಉಳಿದ 49 ಜನ ನೋಡಿದ್ದು ಒದ್ದೆ ಗೋಡೆ ಮತ್ತು ಮುಂದಿನವರ ಹೆಲ್ಮೆಟ್ಟು.

ಈಗ 19ನೇ ಗೇಟಿನ ಕಥೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತಲ್ಲ, ಅವತ್ತಿನಿಂದ ಬಂದವರೆಲ್ಲ ಕೇಳುವುದು ಒಂದೇ, "19 ಯಾವುದು ಸರ್?" ತೋರಿಸಿದರೆ ಫೋಟೋ ತೆಗೆದು ಮುಗೀತು. ನಾನು ಹೇಳಬೇಕೆಂದಿರುವುದು ಬೇರೆ. ಗೇಟು 60 ಅಡಿ ಅಗಲ, 20 ಅಡಿ ಎತ್ತರ. ಸಮುದ್ರ ಮಟ್ಟದಿಂದ ಲೆಕ್ಕ ಹಾಕಿದರೆ, ಜಲಾಶಯ 1633 ಅಡಿಗೆ ತುಂಬಿದಾಗ ಗೇಟಿನ ಬುಡ 1613ರಲ್ಲಿರುತ್ತದೆ. ಅಂದರೆ ಗೇಟು ಹೋದರೆ ಮೇಲಿನ 20 ಅಡಿ ನೀರನ್ನು ತಡೆಯುವವರು ಯಾರೂ ಇಲ್ಲ, ಮತ್ತು ಜಲಾಶಯದ ಅರ್ಧಕ್ಕಿಂತ ಜಾಸ್ತಿ ನೀರು ಇರುವುದು ಆ 20 ಅಡಿಯಲ್ಲೇ. ಕೆಳಗೆ ಪಾತ್ರೆ ಸಣ್ಣದು, ಮೇಲೆ ಪರಾತದ ಹಾಗೆ ಅಗಲ. ಅಷ್ಟೂ ನೀರು ಹೋದ ಮೇಲೆಯೇ ರಿಪೇರಿ ಅಂತ ರೈತರು ಎದೆ ಒಡೆದುಕೊಂಡು ಕೂತಿದ್ದಾಗ, ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಬದಲು ನೀರು ತಡೆಯುವ ತಾತ್ಕಾಲಿಕ ಅಡ್ಡಗಟ್ಟು, ಇಳಿಸಿತು. ನಾಲ್ಕು ನಾಲ್ಕು ಅಡಿ ಎತ್ತರದ ಐದು ತುಂಡು, ಒಂದರ ಮೇಲೊಂದು. ಆಗಸ್ಟ್ 17ಕ್ಕೆ ಕೆಲಸ ಮುಗಿದಿತ್ತು.

ಇದನ್ನು ಬೆರಳು ಮಾಡಿ ತೋರಿಸುತ್ತಾ, ಪಕ್ಕದ ಗೇಟಿನ ಚೈನು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ತೂಕದ ದಿಮ್ಮಿ ಯಾಕಿದೆ ಅಂತ ವಿವರಿಸಲು ಹತ್ತು ನಿಮಿಷ ಬೇಕು. ಒಮ್ಮೆ ದೊಡ್ಡ ಗ್ರೂಪಿಗೆ ಹೀಗೆ ಗಂಟಲು ಹರಿದುಕೊಂಡು ಹೇಳಿ ಬಸ್ಸು ಹತ್ತಿದೆ. ಹಿಂದಿನ ಸೀಟಿನಿಂದ ಒಬ್ಬರು, ವಯಸ್ಸಾದ ಪ್ರೊಫೆಸರು, ಬಹಳ ಸಂಕೋಚದಿಂದ ಕೇಳಿದರು: "ಏನಪ್ಪಾ, ಆ ಗೇಟು ಯಾಕೆ ಬಿತ್ತು ಅಂತ ಹೇಳಲೇ ಇಲ್ಲ?" ನನಗೆ ಅವತ್ತು ಊಟ ಸೇರಲಿಲ್ಲ.

ಸಂಘಟಕರ ತಲೆಯಲ್ಲಿ ಕೂತಿರುವ ತಪ್ಪು ಲೆಕ್ಕ ಯಾವುದು ಗೊತ್ತಾ? ನಾಲ್ಕು ಗ್ರೂಪು ಮಾಡಿದರೆ ನಾಲ್ಕು ಪಟ್ಟು ಹೊತ್ತು ಹಿಡಿಯುತ್ತದೆ ಅನ್ನುವುದು. ಇಲ್ಲ. ನಾಲ್ಕು ಗ್ರೂಪು ಒಂದರ ಹಿಂದೆ ಒಂದು ಹೋಗಲ್ಲ, ಒಂದೇ ಹೊತ್ತಿಗೆ ನಾಲ್ಕು ಕಡೆ ಇರುತ್ತವೆ. ಒಂದು ಗೇಟಿನ ಹತ್ತಿರ, ಒಂದು ಪವರ್ ಹೌಸಿನಲ್ಲಿ, ಒಂದು ಕಾಲುವೆಯ ತಲೆಯ ಹತ್ತಿರ, ಇನ್ನೊಂದು ಬೇವಿನ ಮರದ ಕೆಳಗೆ ನಕ್ಷೆ ಹರಡಿಕೊಂಡು ಚಹಾ ಕುಡಿಯುತ್ತಾ. 25 ನಿಮಿಷ ಆದಮೇಲೆ ಎಲ್ಲರೂ ಒಂದು ಜಾಗ ಮುಂದೆ. ನಡೆಯುವುದಕ್ಕೆ 10 ನಿಮಿಷ ಇಟ್ಟುಕೊಳ್ಳಿ. ನಾಲ್ಕು ಸುತ್ತಿಗೆ 2 ಗಂಟೆ 20 ನಿಮಿಷ. ಎಲ್ಲರನ್ನೂ ಒಟ್ಟಿಗೆ ಕುರಿಮಂದೆ ಹೊಡೆದ ಹಾಗೆ ಹೊಡೆದುಕೊಂಡು ಹೋದರೂ ನಾಲ್ಕು ಜಾಗ ನೋಡಲು ಅಷ್ಟೇ ಹೊತ್ತು, ಎಣಿಸುವುದಕ್ಕೆ ಇನ್ನೂ ಜಾಸ್ತಿ. ನಾನು ಇದನ್ನು ಕಾಗದದ ಮೇಲೆ ಚೌಕ ಹಾಕಿ ತೋರಿಸುತ್ತೇನೆ. ಹೌದು ಹೌದು ಅನ್ನುತ್ತಾರೆ. ಮರುದಿನ ಮೆಸೇಜು ಬರುತ್ತದೆ, "ಒಂದೇ ಗ್ರೂಪು ಇರಲಿ ಸರ್, ಟೈಮಿಲ್ಲ."

ಜಾಸ್ತಿ ಬೇಕಾಗುವುದು ವಿವರಿಸುವ ಜನ. ನಾಲ್ಕು ಮಂದಿ ಬೇಕು. ಖರ್ಚು ಅಲ್ಲಿದೆ, ಒಪ್ಪುತ್ತೇನೆ. ಯಾರು ಬರಬಹುದು, ಎಲ್ಲೆಲ್ಲಿ ಬಿಡುತ್ತಾರೆ ಅನ್ನುವುದು ಆಯಾ ಅಧಿಕಾರಿಗಳಿಗೆ ಬಿಟ್ಟಿದ್ದು. ಮಳೆಗಾಲದಲ್ಲಿ ಒಳಹರಿವು ಜಾಸ್ತಿ ಇದ್ದರೆ ಕೊನೇ ಗಳಿಗೆಯಲ್ಲಿ ಬೇಡ ಅನ್ನಬಹುದು, ಅನ್ನಲೂಬೇಕು. ಹಾಗಾಗಿ ನಾನು ಹೇಳುವುದನ್ನು ಭರವಸೆ ಅಂತ ಕರಪತ್ರದಲ್ಲಿ ಅಚ್ಚು ಹಾಕಿಸಬೇಡಿ, ಒಂದು ಸಲ ಹಾಗೆ ಮಾಡಿ ಬೈಸಿಕೊಂಡಾಗಿದೆ.

ಕಿವಿಗೆ ಹಾಕುವ ರೇಡಿಯೋ ಸೆಟ್ ತರುತ್ತೇವೆ ಅನ್ನುವವರೂ ಇದ್ದಾರೆ. ತನ್ನಿ, ಒಳ್ಳೆಯದೇ. ಶಕ್ತಿನಗರದಂಥ ಕಡೆ, ಎಂಟು ಘಟಕ ಸೇರಿ 1,720 ಮೆಗಾವಾಟಿನ ಸ್ಥಾವರದಲ್ಲಿ, ಅದಿಲ್ಲದೆ ಕಷ್ಟ. ಆದರೆ ಅದು ಕಿವಿಯ ಸಮಸ್ಯೆ ಬಗೆಹರಿಸುತ್ತದೆ, ಕಣ್ಣಿನದ್ದಲ್ಲ. "ಇಲ್ಲಿ ನೋಡಿ" ಅಂತ ಕಿವಿಯಲ್ಲಿ ಕೇಳಿಸುತ್ತದೆ, ಎಲ್ಲಿ ಅಂತ ಹುಡುಕುತ್ತಾ 40 ಜನ ಮುಂದಕ್ಕೆ ನುಗ್ಗುತ್ತಾರೆ. ಪೈಪು, ಮೆಟ್ಟಿಲು, ಎಣ್ಣೆ ಜಾರುವ ಕಡೆ ಆ ನುಗ್ಗಾಟ ನನಗೆ ಭಯ.

ಈ ವರ್ಷ ಒಬ್ಬ ಸಂಘಟಕರು ಮಾತ್ರ ಪೂರ್ತಿ ಒಪ್ಪಿದರು. ನಾಲ್ಕು ಗ್ರೂಪು, 13-14 ಜನ. ಕಾಲುವೆಯ ಹತ್ತಿರ ವಿವರಿಸಲು ನಿಲ್ಲಿಸಿದ್ದು ಯಾವ ಎಂಜಿನಿಯರನ್ನೂ ಅಲ್ಲ, ಕಾಲುವೆ ನೋಡಿಕೊಳ್ಳುವ ಕೆಲಸದ ವಯಸ್ಸಾದ ಒಬ್ಬ ಗ್ಯಾಂಗ್‌ಮನ್‌ನನ್ನು. ಭಾಷಣ ಮಾಡಲಿಲ್ಲ ಆತ. ಕಡ್ಡಿ ತಗೊಂಡು ಮಣ್ಣಿನಲ್ಲಿ ಕಾಲುವೆ ಗೀರಿದ, ತಂಬಿಗೆ ನೀರು ಸುರಿದ, ಮಧ್ಯೆ ಬೆರಳಿಂದ ಎರಡು ಕಡೆ ಒಡೆದ. "ಇದು ಭತ್ತದಾವ್ರುದು ನೋಡ್ರಿ" ಅಂದ. ನೀರು ಕೊನೆಗೆ ಮುಟ್ಟುವ ಮೊದಲೇ ಇಂಗಿಹೋಯಿತು. ಸುತ್ತ ಕೂತ 13 ಜನರೂ ಆ ಒದ್ದೆ ಮಣ್ಣು ನೋಡುತ್ತಾ ಕೂತುಬಿಟ್ಟರು. ಸೀಟಿ ಊದಿದೆ, ಏಳಲಿಲ್ಲ. ಒಬ್ಬರು "ಇನ್ನೊಂದ್ಸಲ ಸುರೀರಿ ಯಜಮಾನ್ರೇ" ಅಂತ ತಮ್ಮ ಬಾಟಲಿಯನ್ನೇ ಕೊಟ್ಟರು. ಆತ ಈ ಸಲ ಒಡೆದ ಕಡೆ ಒಂದಕ್ಕೆ ಮಣ್ಣು ಹಾಕಿ ಸುರಿದ. ಹೀಗೆ ಎಲ್ಲ ಗ್ರೂಪೂ ಅಲ್ಲೇ ಸಿಕ್ಕಿಹಾಕಿಕೊಂಡು, ನನ್ನ 2 ಗಂಟೆ 20 ನಿಮಿಷದ ಲೆಕ್ಕ ಮೂರು ದಾಟಿತು.

ಊಟಕ್ಕೆ ತಡವಾಯಿತು ಅಂತ ಸಂಘಟಕರು ಇವತ್ತಿಗೂ ಹೇಳುತ್ತಾರೆ. ಬದನೆಕಾಯಿ ಪಲ್ಯ ಆರಿದ್ದು ನಿಜ. ರೊಟ್ಟಿ ಖಡಕ್ ಇದ್ದವು, ಅವಕ್ಕೇನೂ ಆಗಿರಲಿಲ್ಲ.